12 ಅಡಿ ಫೈಬರ್ ದೋಣಿಗೆ 55 ಪೌಂಡ್ ಟ್ರೋಲಿಂಗ್ ಮೋಟಾರ್: ಬ್ಯಾಟರಿಯಿಂದ ಪ್ರೊಪೆಲರ್‌ವರೆಗೆ

ದೋಣಿ 12 ಅಡಿಯದು, ಚಪ್ಪಟೆ ತಳ, ಫೈಬರ್. ಓಡಬೇಕಾದದ್ದು ಕನ್ನಂಬಾಡಿ ಹಿನ್ನೀರಿನಲ್ಲಿ. ಟ್ರೋಲಿಂಗ್ ಮೋಟಾರ್ ಎಂದರೆ ದೋಣಿಯನ್ನು ನಿಧಾನವಾಗಿ ನೂಕುವ ಬ್ಯಾಟರಿ ಮೋಟಾರ್; ಇದು 12 ವೋಲ್ಟಿನದು, 55 ಪೌಂಡ್ ನೂಕುಬಲದ್ದು. ನಮ್ಮ ಲೆಕ್ಕದಲ್ಲಿ ಸುಮಾರು 25 ಕೆಜಿ. ದೋಣಿಯ ಹಿಂಬದಿಯ ಹಲಗೆಗೆ ಎರಡು ಕ್ಲಾಂಪ್ ಬಿಗಿದು ನಿಲ್ಲಿಸುವ ನಮೂನೆ. ಪೂರ್ತಿ ವೇಗ ಕೊಟ್ಟಾಗ ಅದು ಎಳೆಯುವ ಕರೆಂಟು 50 ಆಂಪಿಯರ್ ಆಸುಪಾಸು. ವೈರಿಂಗಿನ ಪ್ರತಿ ತೀರ್ಮಾನವೂ ಈ 50ರಿಂದಲೇ ಹೊರಡುತ್ತದೆ.

ಮನೆಯ 2 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ 9 ಆಂಪಿಯರ್ ಕೂಡ ಎಳೆಯುವುದಿಲ್ಲ. ಅದರ ಮೂರನೇ ಒಂದರಷ್ಟೂ ಶಕ್ತಿ ಬೇಡದ ಈ ಮೋಟಾರು ಅದಕ್ಕಿಂತ ಐದು ಪಟ್ಟು ಹೆಚ್ಚು ಕರೆಂಟು ಕೇಳುತ್ತದೆ, ಏಕೆಂದರೆ ವೋಲ್ಟೇಜು ಬರೀ 12. 230ರಲ್ಲಿ ಒಂದು ವೋಲ್ಟು ತಂತಿಯಲ್ಲೇ ಕಳೆದುಹೋದರೆ ಯಾರಿಗೂ ಗೊತ್ತಾಗುವುದಿಲ್ಲ. 12ರಲ್ಲಿ ಒಂದು ಹೋದರೆ ನೂರಕ್ಕೆ ಎಂಟು ಹೋದಂತೆ. ಮನೆ ವೈರಿಂಗಿನಲ್ಲಿ ಪಳಗಿದ ಕೈ ದೋಣಿಯಲ್ಲಿ ಎಡವುವುದು ಇಲ್ಲೇ. ‘ಮೋಟಾರ್ ಚೆನ್ನಾಗಿಲ್ಲ, ದೋಣಿ ಮುಂದಕ್ಕೇ ಹೋಗಲ್ಲ’ ಅನ್ನುವ ದೂರುಗಳಲ್ಲಿ ಹೆಚ್ಚಿನವು ಮೋಟಾರಿನವಲ್ಲ. ತೆಳು ತಂತಿಯವು, ಸಡಿಲ ಲಗ್ಗಿನವು (ತಂತಿಯ ತುದಿಗೆ ಒತ್ತಿ ಬೋಲ್ಟಿಗೆ ಸಿಕ್ಕಿಸುವ ತೂತಿನ ಲೋಹದ ತುಂಡೇ ಲಗ್). ಅದಕ್ಕೇ ಈ ಬರಹದಲ್ಲಿ ಮೋಟಾರಿಗಿಂತ ತಂತಿಗೆ ಜಾಗ ಜಾಸ್ತಿ.

55 ಪೌಂಡ್ ಬೇಕೇ ಎಂಬ ಪ್ರಶ್ನೆ ಮೊದಲು. ದೋಣಿ 120 ಕೆಜಿ, ಮೂರು ಜನ 210, ಬ್ಯಾಟರಿ, ಮೋಟಾರ್, ಲೈಫ್ ಜಾಕೆಟ್, ಹುಟ್ಟು, ಲಂಗರು ಸೇರಿ 40: ಒಟ್ಟು 370 ಕೆಜಿ. ಪ್ರತಿ 45 ಕೆಜಿಗೆ 2 ಪೌಂಡ್ ಅನ್ನುವ ರೂಢಿಯ ಲೆಕ್ಕ ಹಿಡಿದರೆ 17 ಪೌಂಡ್ ಸಾಕು. ಆದರೆ ಅದು ನಿಂತ ನೀರಿನ, ಗಾಳಿ ಇಲ್ಲದ ಹೊತ್ತಿನ ಲೆಕ್ಕ. ಆಷಾಢದ ಗಾಳಿ ಹಿನ್ನೀರಿನ ಬಯಲಿನ ಮೇಲೆ ಬೀಸುವಾಗ ಚಪ್ಪಟೆ ತಳದ ದೋಣಿ ಎಲ್ಲೆಲ್ಲಿಗೋ ತೇಲುತ್ತದೆ. ಗಾಳಿಗೆ ಎದುರಾಗಿ ದಡ ಸೇರುವಷ್ಟು ಬಲ ಉಳಿದಿರಬೇಕು. ಕಾರಂಜಿ ಕೆರೆಯಷ್ಟು ಅಗಲದ ನೀರಿಗೆ 30 ಪೌಂಡಿನದೂ ನಡೆಯುತ್ತದೆ. ಹಿನ್ನೀರಿಗೆ 55 ತೆಗೆದುಕೊಳ್ಳುವುದೇ ಕ್ಷೇಮ.

ಇನ್ನೊಂದು ಮಾತು ಕೆಲಸಕ್ಕೆ ಮುಂಚೆ. ಒಳನಾಡು ಹಡಗುಗಳ ಕಾಯ್ದೆ 2021ರ ಪ್ರಕಾರ ಯಂತ್ರದಿಂದ ಓಡುವ ದೋಣಿಗೆ ನೋಂದಣಿ ಬೇಕು. ಜಲಾಶಯದ ನೀರಿಗೆ ಇಳಿಯಲು ಬೇರೆಯೇ ಅನುಮತಿ. ಕಟ್ಟೆಯ ಹತ್ತಿರ ಸುಳಿಯುವಂತಿಲ್ಲ. ರಂಗನತಿಟ್ಟು ಪಕ್ಷಿಧಾಮದ ನೀರು ಅರಣ್ಯ ಇಲಾಖೆಯದು, ಸ್ವಂತ ದೋಣಿಯ ಮಾತೇ ಇಲ್ಲ. ಇವನ್ನೆಲ್ಲ ವಿಚಾರಿಸಿಕೊಂಡೇ ದುಡ್ಡು ಬಿಚ್ಚಿ.

ಬ್ಯಾಟರಿ

ಎಲ್ಲರ ಕಣ್ಣು ಮೊದಲು ಹೋಗುವುದು ಮನೆಯಲ್ಲಿರುವ 150 ಆಂಪಿಯರ್‌ಅವರ್ ಟ್ಯೂಬುಲರ್ ಇನ್ವರ್ಟರ್ ಬ್ಯಾಟರಿಯ ಮೇಲೆ. ಅದು ಬೇಡ. ಮೊದಲನೆಯದು ತೂಕ: ಆಸಿಡ್ ತುಂಬಿದಾಗ 50 ಕೆಜಿಗೂ ಮೇಲೆ, ಎತ್ತರ ಬೇರೆ. ಅಲುಗುವ ದೋಣಿಯಲ್ಲಿ ಎತ್ತರದ ಭಾರ ಎಂದರೆ ಮಗುಚಲು ಆಹ್ವಾನ. ವಾಲಿದರೆ ಆಸಿಡ್ ಚೆಲ್ಲುತ್ತದೆ. ಎರಡನೆಯದು ಆ 150 ಅನ್ನುವ ಅಂಕಿಯ ಅರ್ಥ. ಅದು 20 ಗಂಟೆ ಹಿಡಿದು ನಿಧಾನವಾಗಿ, ಸತತ 7.5 ಆಂಪಿಯರಿನಂತೆ ಎಳೆದಾಗ ಸಿಗುವ ಲೆಕ್ಕ. 50 ಆಂಪಿಯರ್ ಒಟ್ಟಿಗೇ ಎಳೆದರೆ ಸಿಗುವುದು ಸುಮಾರು ಅದರ ಮೂರನೇ ಎರಡು ಭಾಗ. ಬ್ಯಾಟರಿ ಬಾಳಬೇಕೆಂದರೆ ಅದರಲ್ಲೂ ಅರ್ಧಕ್ಕೆ ನಿಲ್ಲಿಸಬೇಕು. 50 ಕೆಜಿ ಹೊತ್ತು ತಂದು ಕೈಗೆ ಬಂದದ್ದು ಒಂದು ಗಂಟೆಯ ಓಟ.

ಕಾರಿನ ಬ್ಯಾಟರಿ ಇನ್ನೂ ಕೆಟ್ಟ ಆಯ್ಕೆ. ಅದರ ಪ್ಲೇಟುಗಳು ತೆಳು. ಸೆಲ್ಫ್ ಹೊಡೆಯಲು ಕೆಲವು ಸೆಕೆಂಡು ಭಾರಿ ಕರೆಂಟು ಕೊಟ್ಟು ಮತ್ತೆ ತುಂಬಿಕೊಳ್ಳಲೆಂದೇ ಮಾಡಿದ್ದು. ಪದೇ ಪದೇ ಪೂರ್ತಿ ಖಾಲಿ ಮಾಡಿದರೆ ಪ್ಲೇಟಿನ ಪುಡಿ ಉದುರಿ ಬೇಗ ಸಾಯುತ್ತದೆ. ಸೀಸದ ಬ್ಯಾಟರಿಯೇ ಬೇಕು ಅನ್ನುವವರು ಇ-ರಿಕ್ಷಾದ 100 ಆಂಪಿಯರ್‌ಅವರ್ ಬ್ಯಾಟರಿ ನೋಡಬಹುದು: ಕುಳ್ಳು, ಆಳವಾಗಿ ಖಾಲಿ ಮಾಡಲು ತಕ್ಕದ್ದು, ಬೆಲೆಯೂ ಕಮ್ಮಿ. ಗಾಳಿಯಾಡುವ ಪೆಟ್ಟಿಗೆಯಲ್ಲಿ ಇಡಬೇಕು, ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ.

ಈ ದೋಣಿಗೆ ಆರಿಸಿದ್ದು ಲಿಥಿಯಂ ಐರನ್ ಫಾಸ್ಫೇಟ್, 12.8 ವೋಲ್ಟ್, 100 ಆಂಪಿಯರ್‌ಅವರ್. ಒಳಗೆ 3.2 ವೋಲ್ಟಿನ ನಾಲ್ಕು ಸೆಲ್ ಸಾಲಾಗಿ. ತೂಕ 11ರಿಂದ 13 ಕೆಜಿ. ಒಬ್ಬರೇ ಎತ್ತಿಕೊಂಡು ದಡಕ್ಕೆ ಹೋಗಬಹುದು. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಆಂಪಿಯರ್‌ಅವರ್ ಎಷ್ಟು ಎಂಬುದಲ್ಲ, ಬಿಎಂಎಸ್, ಅಂದರೆ ಸೆಲ್ಲುಗಳನ್ನು ಕಾಯುವ ಒಳಗಿನ ಬೋರ್ಡು, ಎಷ್ಟು ಆಂಪಿಯರಿನದು ಎಂಬುದು. ಸೋಲಾರ್ ಬೀದಿದೀಪಕ್ಕೆಂದು ಕಟ್ಟಿದ 100 ಆಂಪಿಯರ್‌ಅವರ್ ಪ್ಯಾಕಿನಲ್ಲಿ 30 ಅಥವಾ 50 ಆಂಪಿಯರ್ ಬಿಎಂಎಸ್ ಇರಬಹುದು. ಪ್ರೊಪೆಲರಿಗೆ ಕಳೆ ಸುತ್ತಿಕೊಂಡ ಗಳಿಗೆಯಲ್ಲಿ, ಅಥವಾ ನಿಂತ ಮೋಟಾರಿಗೆ ಒಮ್ಮೆಲೇ ಪೂರ್ತಿ ವೇಗ ಕೊಟ್ಟಾಗ, ಕರೆಂಟು 50 ದಾಟಿ ಹಾರುತ್ತದೆ. ಚಿಕ್ಕ ಬಿಎಂಎಸ್ ನಡುನೀರಿನಲ್ಲಿ ಕಟ್ ಮಾಡುತ್ತದೆ. ಸತತ 100 ಆಂಪಿಯರ್ ತಡೆಯುವ ಬಿಎಂಎಸ್ ಇರಲೇಬೇಕು.

ಲಿಥಿಯಮ್ಮಿನ ಒಳ್ಳೆಯ ಗುಣವೇ ಒಂದು ಕಡೆ ತೊಡಕು. ಸೀಸದ ಬ್ಯಾಟರಿ ಭಾರ ಬಿದ್ದೊಡನೆ 12ಕ್ಕೂ ಕೆಳಗೆ ಜಾರುತ್ತದೆ, ಇದು 12.8ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದ್ದರಿಂದ ಮೋಟಾರು ತಯಾರಕರು ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಹೆಚ್ಚು ಬಿಸಿಯಲ್ಲಿ ಓಡುತ್ತದೆ. ಲಿಥಿಯಂ ಹಾಕಿದಾಗ 85 ಶೇಕಡಾಕ್ಕಿಂತ ಮೇಲಿನ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ ಎಂದು ಮಿನ್ ಕೋಟಾ ಕಂಪನಿಯೇ ಹೇಳುತ್ತದೆ. ಬೇರೆ ಹೆಸರಿನ ಮೋಟಾರಿಗೂ ಇದೇ ಕಟ್ಟಳೆ ಪಾಲಿಸುವುದು ಒಳ್ಳೆಯದು.

ತಂತಿ

ಮೋಟಾರ್ ಹಿಂದೆ, ಅದರ ಹಿಡಿಕೆ ಹಿಡಿದು ಕೂರುವವರೂ ಹಿಂದೆ. ಬ್ಯಾಟರಿಯನ್ನೂ ಅಲ್ಲೇ ಇಟ್ಟರೆ ದೋಣಿಯ ಮೂತಿ ಎದ್ದು, ಹಿಂಬದಿ ಮುಳುಗಿ, ಗಾಳಿ ಮೂತಿಯನ್ನು ಬೇಕಾದತ್ತ ತಿರುಗಿಸುತ್ತದೆ. ಬ್ಯಾಟರಿ ಮುಂಭಾಗದ ಕಡೆಗೆ ಹೋಗಬೇಕು. ಹಾಗಾದಾಗ ಅಂಚಿನ ಗುಂಟ ಬರುವ ತಂತಿಯ ಉದ್ದ 4 ಮೀಟರ್. ಕರೆಂಟು ಹೋಗಿ ಬರಬೇಕಲ್ಲ, ಲೆಕ್ಕಕ್ಕೆ ಹಿಡಿಯಬೇಕಾದ್ದು 8 ಮೀಟರ್. ಇದನ್ನು 4 ಎಂದೇ ಹಿಡಿದು ಅರ್ಧ ದಪ್ಪದ ತಂತಿ ತರುವವರು ಬಹಳ.

ಸಣ್ಣ ಎಳೆಗಳ ತಾಮ್ರದ ಕೇಬಲ್ಲಿಗೆ ಮೀಟರಿಗೆ ಇರುವ ಗರಿಷ್ಠ ರೋಧ ಹೀಗೆ: 6 ಸ್ಕ್ವೇರ್ ಎಂಎಂಗೆ 3.30 ಮಿಲಿಓಮ್, 10ಕ್ಕೆ 1.91, 16ಕ್ಕೆ 1.21, 25ಕ್ಕೆ 0.78. 8 ಮೀಟರಿಗೆ, 50 ಆಂಪಿಯರಿಗೆ ಗುಣಿಸಿದರೆ 6ರಲ್ಲಿ 1.3 ವೋಲ್ಟು ಕಳೆಯುತ್ತದೆ, 10ರಲ್ಲಿ 0.76, 16ರಲ್ಲಿ 0.48, 25ರಲ್ಲಿ 0.31. 6 ಸ್ಕ್ವೇರಿನ ತಂತಿಯಲ್ಲಿ 66 ವ್ಯಾಟ್ ಬರೀ ಶಾಖವಾಗಿ ಹೋಗುತ್ತದೆ. ಬೇಸಿಗೆ ಮಧ್ಯಾಹ್ನದ ಬಿಸಿಲಲ್ಲಿ ಪಿವಿಸಿ ಪೈಪಿನೊಳಗೆ ಅದು ಮೆತ್ತಗಾಗುವಷ್ಟು. 16 ಹಾಕಿದರೆ 24 ವ್ಯಾಟ್, ಶೇಕಡಾ 4ರಷ್ಟು ಇಳಿತ. 25ಕ್ಕೆ ಹೋದರೆ ಇನ್ನು ಸಿಗುವುದು 0.17 ವೋಲ್ಟು ಮಾತ್ರ. ತಂತಿ ದಪ್ಪ, ಬಗ್ಗುವುದಿಲ್ಲ, ಕನೆಕ್ಟರಿನೊಳಗೆ ಕೂರುವುದಿಲ್ಲ. ಆದ್ದರಿಂದ 4 ಮೀಟರಿನವರೆಗೆ 16, ಐದು ದಾಟಿದರೆ 25. 30 ಪೌಂಡಿನ, 30 ಆಂಪಿಯರಿನ ಮೋಟಾರಿಗೆ ಇದೇ ಉದ್ದಕ್ಕೆ 10 ಸ್ಕ್ವೇರ್ ಸಾಕು.

16 ಸ್ಕ್ವೇರಿನ ಮೆತ್ತನೆಯ ತಾಮ್ರದ ತಂತಿ ಸುಲಭವಾಗಿ ಸಿಗುವುದು ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ. ವೆಲ್ಡಿಂಗ್ ಕೇಬಲ್ಲಿನ ಎಳೆ ಕೂದಲಿನಷ್ಟು ಸಣ್ಣ, ರಬ್ಬರ್ ಹೊದಿಕೆ ಗಟ್ಟಿ, ದೋಣಿಯ ಅಲುಗಾಟಕ್ಕೆ ಹೇಳಿ ಮಾಡಿಸಿದಂತಿದೆ. ಕೊರತೆ ಒಂದೇ: ಎಳೆಗೆ ತವರದ ಲೇಪ ಇರುವುದಿಲ್ಲ. ತುದಿ ತೆರೆದಿದ್ದರೆ ದೀಪದ ಬತ್ತಿ ಎಣ್ಣೆ ಹೀರುವಂತೆ ನೀರು ಹೀರಿ ಒಳಗೊಳಗೇ ಹಸಿರು ಕಿಲುಬು ಹಿಡಿಯುತ್ತದೆ. ತುದಿ ಮುಚ್ಚುವ ಕೆಲಸ ಅದಕ್ಕೇ ಮುಖ್ಯ, ಮುಂದೆ ಬರುತ್ತದೆ.

ಮಂಡ್ಯದ ಕಡೆ ಯಾವ ಪಂಪ್‌ಸೆಟ್ ಅಂಗಡಿಗೆ ಹೋದರೂ ಸಬ್‌ಮರ್ಸಿಬಲ್ ಪಂಪಿನ ಮೂರು ಕೋರಿನ ಚಪ್ಪಟೆ ಕೇಬಲ್ ಸಿಗುತ್ತದೆ. ನೀರಿಗೇ ಮಾಡಿದ್ದು ತಾನೇ ಅಂತ ಅದನ್ನೇ ತರುವ ಆಸೆ ಸಹಜ. ಆದರೆ ಅದರ ಒಂದು ಕೋರ್ 2.5, 4 ಅಥವಾ 6 ಸ್ಕ್ವೇರ್. 400 ವೋಲ್ಟಿಗೆ ಅಷ್ಟು ಸಾಕು, 12ಕ್ಕೆ ಸಾಲದು. ಮೂರು ಕೋರನ್ನೂ ಸೇರಿಸಿ ಒಂದು ಮಾಡಿದರೆ 18 ಸ್ಕ್ವೇರ್ ಆಗುತ್ತದೆ ನಿಜ. ಆದರೆ ಮೂರನ್ನೂ ಒಂದೇ ಲಗ್ಗಿನಲ್ಲಿ ಸಮನಾಗಿ ಒತ್ತುವುದು ಕಷ್ಟ; ಒಂದು ಸಡಿಲವಾದರೆ ಉಳಿದೆರಡರ ಮೇಲೆ ಇಡೀ ಭಾರ. ಕಂಬದಿಂದ ಮನೆಗೆ ಎಳೆಯುವ ಅಲ್ಯೂಮಿನಿಯಂ ಸರ್ವೀಸ್ ವೈರನ್ನಂತೂ ಮುಟ್ಟಲೇಬಾರದು: ರೋಧ ತಾಮ್ರದ ಒಂದೂವರೆ ಪಟ್ಟು ಮೀರುತ್ತದೆ, ತಾಮ್ರದ ಜತೆ ಒದ್ದೆಯಲ್ಲಿ ಸೇರಿದರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ.

ಮೋಸ ಹೆಚ್ಚು ನಡೆಯುವುದು ಕಾರ್ ಆಡಿಯೊ ಕಿಟ್ಟಿನ ‘4 ಗೇಜ್’ ತಂತಿಯಲ್ಲಿ. ಹೊರಗೆ ತಾಮ್ರದ ಬಣ್ಣ, ಒಳಗೆ ಅಲ್ಯೂಮಿನಿಯಂ. ಒಂದು ಎಳೆ ಬಿಡಿಸಿ ಬ್ಲೇಡಿನಿಂದ ಕೆರೆದು ನೋಡಿ. ಬೆಳ್ಳಗೆ ಕಂಡರೆ ವಾಪಸ್ ಕೊಡಿ. ತವರದ ಲೇಪ ಇರುವ ನಿಜವಾದ ತಾಮ್ರ ಕೆರೆದಾಗ ಒಳಗೆ ಕೆಂಪಗೇ ಇರುತ್ತದೆ. ತಕ್ಕಡಿಯೂ ಸುಳ್ಳು ಹೇಳುವುದಿಲ್ಲ: 16 ಸ್ಕ್ವೇರಿನ ತಾಮ್ರ ಮೀಟರಿಗೆ 143 ಗ್ರಾಂ, ಹೊದಿಕೆ ಬಿಟ್ಟು. ಹತ್ತು ಮೀಟರ್ ಸುರುಳಿ ಹೊದಿಕೆ ಸಮೇತ ಒಂದೂವರೆ ಕೆಜಿಯೂ ತೂಗದಿದ್ದರೆ ಅದು 16 ಅಲ್ಲ, ಅಥವಾ ತಾಮ್ರ ಅಲ್ಲ.

ಲಗ್ ಒತ್ತುವುದು

ಬೇಕಾದದ್ದು 16 ಸ್ಕ್ವೇರಿನ ತವರ ಲೇಪದ ತಾಮ್ರದ ಲಗ್, 8 ಎಂಎಂ ಬೋಲ್ಟಿನ ತೂತಿನದು. ಬ್ಯಾಟರಿಯ ಎರಡು ತುದಿ, ಫ್ಯೂಸಿನ ಎರಡು, ಕಟ್ ಆಫ್ ಸ್ವಿಚ್ಚಿನ ಎರಡು, ಶಂಟಿನ (ಕರೆಂಟು ಅಳೆಯಲು ತಂತಿಯ ನಡುವೆ ಹಾಕುವ ಲೋಹದ ಪಟ್ಟಿ) ಎರಡು: ಒಟ್ಟು ಎಂಟು. ಎರಡು ಹೆಚ್ಚಿಗೆ ತನ್ನಿ, ಒಂದನ್ನು ಪರೀಕ್ಷೆಗೆಂದೇ ಬಲಿ ಕೊಡಬೇಕು. ಫ್ಯೂಸು, ಸ್ವಿಚ್ಚಿನ ಬೋಲ್ಟು ಸಣ್ಣದಾಗಿದ್ದರೆ ಆ ಅಳತೆಯ ತೂತಿನ ಲಗ್ಗನ್ನೇ ಕೇಳಿ.

ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್ ಕೊಳ್ಳಬೇಕಾಗಿಲ್ಲ. ಪ್ಯಾನೆಲ್ ಬೋರ್ಡ್ ಕೆಲಸ ಮಾಡುವವರ ಹತ್ತಿರ ಇರುತ್ತದೆ. ತಂತಿ ಅಳತೆಗೆ ಕತ್ತರಿಸಿಕೊಂಡು ಹೋದರೆ ಅಲ್ಲೇ ಒತ್ತಿಕೊಡುತ್ತಾರೆ. ಸುತ್ತಿಗೆಯಿಂದ ಬಡಿಯುವುದು, ಉಳಿ ಇಟ್ಟು ಗುದ್ದುವುದು, ವೈಸಿನಲ್ಲಿ ಅದುಮುವುದು ಮೂರೂ ಬೇಡ. ಹೊದಿಕೆಯನ್ನು ಲಗ್ಗಿನ ಕೊಳವೆಯ ಉದ್ದಕ್ಕಿಂತ ಎರಡು ಎಂಎಂ ಮಾತ್ರ ಹೆಚ್ಚಿಗೆ ಸುಲಿಯಿರಿ. ಸುಲಿಯುವಾಗ ಎಳೆ ಒಂದೂ ತುಂಡಾಗಬಾರದು. ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವನ್ನು (ಕಾಯಿಸಿದರೆ ಕುಗ್ಗಿ ತುದಿ ಮುಚ್ಚುವ ಕೊಳವೆ) ಲಗ್ ಒತ್ತುವ ಮುಂಚೆಯೇ ತಂತಿಗೆ ತೂರಿಸಿಟ್ಟುಕೊಳ್ಳಿ. ಟೂಲಿಗೆ 16ರ ಡೈ (ಒತ್ತುವ ಅಚ್ಚು) ಹಾಕಿ, ಕೊಳವೆಯ ಮೇಲೆ ಪಕ್ಕಪಕ್ಕದಲ್ಲಿ ಎರಡು ಸಲ ಒತ್ತಿ.

ಈಗ ಆ ಪರೀಕ್ಷೆಯ ಲಗ್. ಒತ್ತಿದ ಜಾಗದಲ್ಲೇ ಹ್ಯಾಕ್ಸಾ ಬ್ಲೇಡಿನಿಂದ ಅಡ್ಡ ಕೊಯ್ದು, ಕತ್ತರಿಸಿದ ಮುಖವನ್ನು ನಯವಾದ ಮರಳು ಕಾಗದದಲ್ಲಿ ಉಜ್ಜಿ ಬೆಳಕಿಗೆ ಹಿಡಿಯಿರಿ. ಒಳ್ಳೆಯ ಒತ್ತಿನಲ್ಲಿ ಎಳೆಗಳು ಒಂದನ್ನೊಂದು ಅದುಮಿ ದುಂಡಗಿನ ಆಕಾರ ಕಳೆದುಕೊಂಡಿರುತ್ತವೆ, ನಡುವೆ ಕಪ್ಪು ಚುಕ್ಕೆ ಒಂದೂ ಇರುವುದಿಲ್ಲ. ಕೊಳವೆಯ ಗೋಡೆ ಎಲ್ಲಿ ಮುಗಿದು ಎಳೆ ಎಲ್ಲಿ ಶುರುವಾಯಿತೆಂದು ಹುಡುಕಬೇಕಾಗುತ್ತದೆ. ಎಳೆಗಳು ಇನ್ನೂ ದುಂಡಗೆ ಬಿಡಿಬಿಡಿಯಾಗಿ ಕಂಡರೆ ಡೈ ದೊಡ್ಡದಾಯಿತು, ಅಥವಾ ಲಗ್ ದೊಡ್ಡದು. ಆ ಕಪ್ಪು ಸಂದುಗಳೇ ನಾಳೆ ನೀರು, ಗಾಳಿ ಸೇರಿ ಕಿಲುಬು ಕಟ್ಟುವ ಜಾಗ. ಒಂದು ಲಗ್ ಹಾಳು ಮಾಡಿ ಈ ಮುಖ ನೋಡಿಕೊಂಡರೆ ಉಳಿದ ಎಂಟರ ಬಗ್ಗೆ ಧೈರ್ಯ ಬರುತ್ತದೆ.

ಬೆಸುಗೆ ಹಾಕಿದರೆ ಇನ್ನೂ ಗಟ್ಟಿ ಎನ್ನುವ ನಂಬಿಕೆ ಇದೆ. ಸೀಸ ಎಳೆಗಳ ನಡುವೆ ಹತ್ತಿ ಹೊದಿಕೆಯ ಕೆಳಗೂ ಹೋಗುತ್ತದೆ. ಅಲ್ಲಿಗೆ ಮೆತ್ತನೆಯ ತಂತಿ ಕಡ್ಡಿಯಾಗಿ, ಅಲುಗಾಟಕ್ಕೆ ಅದೇ ಗೆರೆಯಲ್ಲಿ ಮುರಿಯುತ್ತದೆ. ಒಳ್ಳೆಯ ಒತ್ತಿಗೆ ಬೆಸುಗೆ ಬೇಕಿಲ್ಲ, ಕೆಟ್ಟ ಒತ್ತನ್ನು ಬೆಸುಗೆ ಉಳಿಸುವುದಿಲ್ಲ.

ಟರ್ಮಿನಲ್ಲಿಗೆ ಕೂರಿಸುವಾಗ ಲಗ್ಗಿನ ಮುಖ ನೇರವಾಗಿ ಟರ್ಮಿನಲ್ಲಿನ ಮುಖದ ಮೇಲೆ ಕೂರಬೇಕು. ವಾಷರ್, ಸ್ಪ್ರಿಂಗ್ ವಾಷರ್ ಎಲ್ಲ ಅದರ ಮೇಲೆ. ಸ್ಟೀಲ್ ವಾಷರನ್ನು ಲಗ್ಗಿನ ಕೆಳಗೆ ಹಾಕಿ, ಕರೆಂಟೆಲ್ಲ ಅದರ ಮೂಲಕ ಹಾಯುವಂತೆ ಮಾಡಿ, ಟರ್ಮಿನಲ್ಲಿನ ಪ್ಲಾಸ್ಟಿಕ್ ಕರಗಿಸಿಕೊಳ್ಳುವುದು ಬಹಳ ಸಾಮಾನ್ಯ. ಎಷ್ಟು ಬಿಗಿಯಬೇಕೆಂದು ಬ್ಯಾಟರಿಯ ಮೇಲೆಯೇ ಬರೆದಿರುತ್ತದೆ. ಮೀರಿ ತಿರುಗಿಸಿದರೆ ಒಳಗಿನ ತಿರುಪಿನ ಗೆರೆ ಕಿತ್ತು ಬರುತ್ತದೆ.

ಫ್ಯೂಸು, ಸ್ವಿಚ್ಚು, ಕನೆಕ್ಟರು

ಫ್ಯೂಸು 60 ಆಂಪಿಯರಿನದು, ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ. ಅದು ಕಾಯುವುದು ಮೋಟಾರನ್ನಲ್ಲ, ತಂತಿಯನ್ನು. ಹಿಂದೆ ಮೋಟಾರಿನ ಹತ್ತಿರ ಹಾಕಿದರೆ, ನಡುವಿನ 4 ಮೀಟರಿನಲ್ಲಿ ಎಲ್ಲಿ ಹೊದಿಕೆ ಸವೆದು ಶಾರ್ಟ್ ಆದರೂ ತಡೆಯುವವರಿಲ್ಲ. ಕಾರ್ ಆಡಿಯೊ ಅಂಗಡಿಯಲ್ಲಿ ಆಂಪ್ಲಿಫೈಯರಿಗೆಂದು ಮಾರುವ ಎಎನ್‌ಎಲ್ ಫ್ಯೂಸು, ಬೋಲ್ಟ್ ಬಿಗಿಯುವ ಹೋಲ್ಡರ್ ಸಮೇತ, ಇಲ್ಲಿಗೆ ಸರಿಹೋಗುತ್ತದೆ. ಗಾಜಿನ ದಪ್ಪ ಫ್ಯೂಸು ಹಿಡಿಯುವ ಹೋಲ್ಡರ್ ಬೇಡ. 50 ಆಂಪಿಯರಿನಲ್ಲಿ ಅದರ ಹಿಡಿತವೇ ಕಾದು ಪ್ಲಾಸ್ಟಿಕ್ ಕರಗುತ್ತದೆ.

ಮನೆಯ 63 ಆಂಪಿಯರ್ ಎಂಸಿಬಿ ಹಾಕಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ, ಕಿಡಿ ಆರುವುದು ಆಗ. ಡಿಸಿಗೆ ಆ ಬಿಡುವಿಲ್ಲ. 12 ವೋಲ್ಟಿನಲ್ಲಿ ಕಿಡಿ ಬಹಳ ದೂರ ಎಳೆಯದು ಎಂಬುದು ನಿಜವಾದರೂ, ಲಿಥಿಯಂ ಬ್ಯಾಟರಿ ಶಾರ್ಟ್ ಆದಾಗ ನುಗ್ಗುವ ಕರೆಂಟಿಗೆ ಆ ಎಂಸಿಬಿಯನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಎಂಸಿಬಿಯೇ ಬೇಕೆಂದರೆ ಸೋಲಾರಿಗೆ ಬಳಸುವ ಡಿಸಿ ಎಂಸಿಬಿ ತನ್ನಿ. ಅದರ ಮೇಲೆ ಪ್ಲಸ್ ಮೈನಸ್ ಗುರುತಿದ್ದರೆ ದಿಕ್ಕು ತಪ್ಪಬಾರದು. ತಿರುಗುಮುರುಗಾದರೆ ಕಿಡಿ ಆರಿಸುವ ಏರ್ಪಾಟು ಕೆಲಸ ಮಾಡುವುದಿಲ್ಲ.

ಫ್ಯೂಸಿನ ನಂತರ ಲಾರಿ, ಜೆಸಿಬಿಗೆ ಹಾಕುವ ತಿರುಗಿಸುವ ಬ್ಯಾಟರಿ ಕಟ್ ಆಫ್ ಸ್ವಿಚ್. ಹಿಡಿಕೆ ಹಿಡಿದವರ ಕೈಗೆ ಎಟಕುವ ಜಾಗದಲ್ಲಿರಬೇಕು. ನೀರಿಗೆ ಬಿದ್ದವರ ಹತ್ತಿರ ಪ್ರೊಪೆಲರ್ ತಿರುಗುತ್ತಿರುವಾಗ ವೇಗದ ಗುಂಡಿ ಹುಡುಕುತ್ತಾ ಕೂರುವಂತಿಲ್ಲ.

ಕನೆಕ್ಟರಿಗೆ ಆಂಡರ್ಸನ್ ಎಸ್‌ಬಿ50 ಎಂದು ಎಲ್ಲೆಡೆ ಬರೆದಿರುತ್ತದೆ. ಅದರ ಪಿನ್ನಿನ ಕೊಳವೆ ಹಿಡಿಸುವುದು 6 ಗೇಜ್ ತಂತಿಯವರೆಗೆ, ಅಂದರೆ 13.3 ಸ್ಕ್ವೇರ್. ನಮ್ಮ 16 ಅದರೊಳಗೆ ಹೋಗುವುದಿಲ್ಲ. ಆಗ ನಾಲ್ಕಾರು ಎಳೆ ಕತ್ತರಿಸಿ ತೂರಿಸುತ್ತಾರೆ. ಅಲ್ಲಿಗೆ ದಪ್ಪ ತಂತಿ ತಂದದ್ದು ವ್ಯರ್ಥ, ಬಿಸಿ ಆಗುವುದು ಸರಿಯಾಗಿ ಆ ಕತ್ತಿನಲ್ಲೇ. ಎಸ್‌ಬಿ120 ತೆಗೆದುಕೊಳ್ಳಿ, ಅದಕ್ಕೆ 16ಕ್ಕೂ 25ಕ್ಕೂ ಒಪ್ಪುವ ಪಿನ್ ಬರುತ್ತವೆ. ಮೋಟಾರಿನ ಸ್ವಂತ ತಂತಿ ಇದಕ್ಕಿಂತ ತೆಳು; ಅದರ ಕಡೆಯ ಅರ್ಧಕ್ಕೆ ಸಣ್ಣ ಕೊಳವೆಯ ಪಿನ್ ಕೇಳಿ ತನ್ನಿ. ಈ ಕನೆಕ್ಟರ್ ನೀರು ತಡೆಯುವುದಿಲ್ಲ. ಅಂಚಿನ ಕೆಳಗೆ, ಬಾಯಿ ಕೆಳಮುಖವಾಗಿ ಕೂರಿಸಿ.

ಎಳೆದು ಕಟ್ಟುವುದು

ಬ್ಯಾಟರಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಎರಡು ಇಂಚಿನ ಮರದ ತುಂಡುಗಳ ಮೇಲೆ, ಎರಡು ಪಟ್ಟಿಯಿಂದ ದೋಣಿಗೆ ಬಿಗಿದು. ಮಳೆ ಬಂದರೆ ದೋಣಿಯ ತಳದಲ್ಲಿ ನೀರು ನಿಂತೇ ನಿಲ್ಲುತ್ತದೆ. ತಂತಿಯನ್ನು ಒಂದೂವರೆ ಇಂಚಿನ ಪಿವಿಸಿ ಪೈಪಿನಲ್ಲಿ, ಅಂಚಿನ ಒಳಬದಿಗೆ ಒಂದೂವರೆ ಅಡಿಗೊಂದು ಕ್ಲಿಪ್ ಹಾಕಿ ಒಯ್ಯಿರಿ. ಪೈಪಿನ ಕೆಳಮೈಗೆ ಅಲ್ಲಲ್ಲಿ ನೀರು ಇಳಿಯುವ ಸಣ್ಣ ತೂತು. ಫೈಬರ್ ಹಲಗೆಯಲ್ಲಿ ಕೊರೆದ ತೂತಿನ ಅಂಚು ಗಾಜಿನ ನಾರಿನದು, ತೂತಿಗೆ ಕೂರಿಸುವ ರಬ್ಬರ್ ಬಳೆ (ಗ್ರೊಮೆಟ್) ಇಲ್ಲದಿದ್ದರೆ ಹೊದಿಕೆಯನ್ನು ಗರಗಸದಂತೆ ಕೊಯ್ಯುತ್ತದೆ. ಪೆಟ್ಟಿಗೆಗೆ ಹೋಗುವ ಮುಂಚೆ ತಂತಿ ಒಮ್ಮೆ ಕೆಳಗಿಳಿದು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕಲಿ.

ವೆಲ್ಡಿಂಗ್ ಕೇಬಲ್ ಎರಡೂ ಒಂದೇ ಬಣ್ಣದ್ದಾದ್ದರಿಂದ ಪ್ಲಸ್ಸಿನ ಎರಡು ತುದಿಗೂ, ನಡುವೆ ಕಾಣುವ ಕಡೆಯೂ ಕೆಂಪು ಸ್ಲೀವ್ ಹಾಕಲೇಬೇಕು. ತಿರುಗುಮುರುಗಾದರೆ ಪಿಡಬ್ಲ್ಯುಎಂ ಕಂಟ್ರೋಲರ್ (ಕರೆಂಟನ್ನು ಬಹಳ ಬೇಗ ಬೇಗ ಕಡಿದು ಕೊಟ್ಟು ವೇಗ ಹೊಂದಿಸುವ ಎಲೆಕ್ಟ್ರಾನಿಕ್ ಏರ್ಪಾಟು) ಇರುವ ಮೋಟಾರಿನ ಬೋರ್ಡು ಆ ಕ್ಷಣವೇ ಸುಡುತ್ತದೆ.

ಮೈನಸ್ ತಂತಿಯಲ್ಲಿ 100 ಆಂಪಿಯರಿನ ಶಂಟು, ಅದಕ್ಕೊಂದು ಪುಟ್ಟ ಮೀಟರ್. ಲಿಥಿಯಮ್ಮಿನಲ್ಲಿ ವೋಲ್ಟೇಜು ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗುವುದಿಲ್ಲ; ಬಹುಪಾಲು ಹೊತ್ತು 13ರ ಆಸುಪಾಸಿನಲ್ಲೇ ನಿಂತು, ಕೊನೆಗೆ ಒಮ್ಮೆಲೇ ಬೀಳುತ್ತದೆ. ಹೋದ ಆಂಪಿಯರ್‌ಅವರ್ ಎಣಿಸುವ ಮೀಟರೇ ಬೇಕು.

ಮೊದಲ ಕರೆಂಟು

ಮೋಟಾರ್ ನೀರಿನಲ್ಲಿ ಮುಳುಗಿರುವಾಗ ಮಾತ್ರ ಓಡಿಸಿ. ಅದಕ್ಕೆ ತಂಪು ಕೊಡುವುದೂ ನೀರೇ, ಶಾಫ್ಟಿನ ಸೀಲ್ ನೆನೆಸುವುದೂ ನೀರೇ. ದೋಣಿಯನ್ನು ದಡಕ್ಕೆ ಹಗ್ಗದಿಂದ ಕಟ್ಟಿ ಪೂರ್ತಿ ವೇಗ ಕೊಡಿ. ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟಿಗೆ ಇಟ್ಟು, ಒಂದು ಮೊನೆ ಬ್ಯಾಟರಿಯ ಟರ್ಮಿನಲ್ ಮೇಲೆ, ಇನ್ನೊಂದು ಅದಕ್ಕೆ ಕೂತ ಲಗ್ಗಿನ ಮೇಲೆ. ಹೀಗೆ ಒಂದೊಂದು ಜಾಯಿಂಟನ್ನೂ ದಾಟಿ ಅಳೆಯುತ್ತಾ ಹೋಗಿ. ಸರಿಯಾದ ಜಾಯಿಂಟಿನಲ್ಲಿ 50 ಆಂಪಿಯರಿಗೆ 5ರಿಂದ 10 ಮಿಲಿವೋಲ್ಟು. 30 ದಾಟಿದರೆ ಬಿಚ್ಚಿ ನೋಡಿ. 100 ಎಂದರೆ ಆ ಬೆರಳ ಗಾತ್ರದ ಲಗ್ಗಿನಲ್ಲಿ 5 ವ್ಯಾಟ್ ಶಾಖ, ಮುಟ್ಟಲಾಗದಷ್ಟು ಬಿಸಿ. ಫ್ಯೂಸಿನ ಎರಡು ತುದಿಯ ನಡುವೆ ಇದಕ್ಕಿಂತ ಹೆಚ್ಚು ಬರುವುದು ಸಹಜ, ಬಿಸಿಯಾಗುವುದೇ ಅದರ ಕೆಲಸ. ಬ್ಯಾಟರಿಯಿಂದ ಕನೆಕ್ಟರ್‌ವರೆಗೆ ಪ್ಲಸ್, ಮೈನಸ್ ಎರಡೂ ಕೂಡಿಸಿ 0.6 ವೋಲ್ಟಿನೊಳಗೆ ಇದ್ದರೆ ಕೆಲಸ ಚೆನ್ನಾಗಿದೆ.

ಕರೆಂಟು ನೋಡಲು ಕ್ಲಾಂಪ್ ಮೀಟರ್ ಎರವಲು ತರುವುದಾದರೆ ಅದು ಡಿಸಿ ಅಳೆಯುವುದೇ ಎಂದು ಕೇಳಿ. ಪಂಪ್ ರಿಪೇರಿಯವರ ಹತ್ತಿರ ಇರುವುದು ಬಹುತೇಕ ಎಸಿಯದು; ಇಲ್ಲಿ ಅದು ಸೊನ್ನೆ ತೋರಿಸುತ್ತದೆ.

ಓಟ ಮತ್ತು ಚಾರ್ಜು

100 ಆಂಪಿಯರ್‌ಅವರಿನಲ್ಲಿ 80 ಮಾತ್ರ ಖರ್ಚಿಗೆಂದು ಇಟ್ಟುಕೊಂಡರೆ ಪೂರ್ತಿ ವೇಗದಲ್ಲಿ ಒಂದೂವರೆ ಗಂಟೆ, 20 ಆಂಪಿಯರಿನಲ್ಲಿ 4 ಗಂಟೆ, 12ರಲ್ಲಿ ಆರೂವರೆ ಗಂಟೆ. ವೇಗ ಸ್ವಲ್ಪ ತಗ್ಗಿಸಿದರೂ ಕರೆಂಟು ಬಹಳ ತಗ್ಗುತ್ತದೆ. ಆದರೆ ಇದು ಪಿಡಬ್ಲ್ಯುಎಂ ಮೋಟಾರಿಗೆ. ಮುಂದಕ್ಕೆ ಐದು, ಹಿಂದಕ್ಕೆ ಮೂರು ಗೇರಿನಂತಿರುವ ಅಗ್ಗದ ಮೋಟಾರಿನಲ್ಲಿ ಕಡಿಮೆ ವೇಗ ಬರುವುದು ಒಳಗಿನ ರೋಧದ ಕಾಯಿಲ್ ಮೂಲಕ, ಉಳಿದ ಶಕ್ತಿ ಅಲ್ಲೇ ಶಾಖವಾಗಿ ನೀರಿಗೆ ಹೋಗುತ್ತದೆ. ಅಂಥದ್ದರಲ್ಲಿ ಈ ಉಳಿತಾಯ ಅಷ್ಟು ಸಿಗುವುದಿಲ್ಲ. ಅದಕ್ಕೆ ಹೊರಗಿನ ಪಿಡಬ್ಲ್ಯುಎಂ ಕಂಟ್ರೋಲರ್ ಹಾಕುವವರು ಮೋಟಾರನ್ನು ಐದರಲ್ಲೇ ಇಟ್ಟು ಕಂಟ್ರೋಲರಿನಿಂದ ವೇಗ ಬದಲಿಸಬೇಕು.

ಚಾರ್ಜರ್ 14.6 ವೋಲ್ಟಿನ ಲಿಥಿಯಂ ಫಾಸ್ಫೇಟ್ ಚಾರ್ಜರೇ ಆಗಬೇಕು. 20 ಆಂಪಿಯರಿನದಾದರೆ 80 ಆಂಪಿಯರ್‌ಅವರ್ ತುಂಬಲು ಸುಮಾರು 4 ಗಂಟೆ. ಮನೆಯ ಇನ್ವರ್ಟರಿನ ಟ್ಯೂಬುಲರ್ ಸೆಟ್ಟಿಂಗಿಗೆ ಸಿಕ್ಕಿಸಬೇಡಿ, ಅದರ ಈಕ್ವಲೈಸ್ ಹಂತದ ವೋಲ್ಟೇಜು ಸೆಲ್ಲಿಗೆ ಹೆಚ್ಚು. ತೋಟದ ಮನೆಯಲ್ಲಿ 200 ವ್ಯಾಟಿನ ಸೋಲಾರ್ ಪ್ಯಾನೆಲ್, ಲಿಥಿಯಮ್ಮಿಗೆ ಹೊಂದಿಸಿದ ಎಂಪಿಪಿಟಿ ಸೋಲಾರ್ ಚಾರ್ಜ್ ಕಂಟ್ರೋಲರ್ ಇದ್ದರೆ ಒಳ್ಳೆಯ ಬಿಸಿಲಿನ ದಿನ 50ರಿಂದ 60 ಆಂಪಿಯರ್‌ಅವರ್ ತುಂಬುತ್ತದೆ.

ಕೈಕೊಡುವ ಜಾಗಗಳು

ಹಿನ್ನೀರಿನ ಮೂಲೆಗಳಲ್ಲಿ ಅಂತರಗಂಗೆ, ಕೆರೆಗಳಲ್ಲಿ ಜೊಂಡು. ಎರಡನೇ ಮೂರನೇ ವೇಗದಲ್ಲೇ ಮೀಟರು 40 ತೋರಿಸಿದರೆ ಪ್ರೊಪೆಲರಿಗೆ ಕಳೆ ಸುತ್ತಿದೆ. ಕಟ್ ಆಫ್ ಮಾಡಿ, ಮೋಟಾರ್ ಎತ್ತಿ, ದೋಣಿಯೊಳಗೆ ತಂದು ಬಿಡಿಸಿ. ಕಾವೇರಿಯಲ್ಲಿ ಮೊಸಳೆ ಇವೆ, ನೀರಿಗೆ ಕೈ ಇಳಿಸಿ ಕಳೆ ಕೀಳಬಾರದು.

ಕಳೆಗಿಂತ ಕೆಟ್ಟದ್ದು ತಂಗೂಸಿ ಬಲೆಯ ದಾರ. ಪ್ರೊಪೆಲರಿನ ಹಿಂದೆ ಶಾಫ್ಟಿಗೆ ಸುತ್ತಿ, ತಿರುಗುತ್ತಾ ತಿರುಗುತ್ತಾ ರಬ್ಬರ್ ಸೀಲನ್ನು ಕೊಯ್ಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ನೀರು ಒಳಗೆ ಹೋಗಿ, ಬ್ರಷ್ಷಿನ ಇದ್ದಿಲ ಪುಡಿ ಕೆಸರಾಗಿ, ತಿಂಗಳೊಪ್ಪತ್ತಿನಲ್ಲಿ ಮೋಟಾರ್ ಹಿಡಿದುಕೊಳ್ಳುತ್ತದೆ. ನೀರಿನಿಂದ ಬಂದಾಗಲೆಲ್ಲ ನಟ್ಟು ಬಿಚ್ಚಿ ಪ್ರೊಪೆಲರ್ ಕಳಚಿ ಶಾಫ್ಟ್ ನೋಡುವುದು ಐದು ನಿಮಿಷದ ಕೆಲಸ. ಇಡೀ ನಿರ್ವಹಣೆಯಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಸೀಲ್ ಹೋಗಿದ್ದರೆ ಮೋಟಾರ್ ಬಿಚ್ಚಿ, ಒಣಗಿಸಿ, ಸೀಲು, ಬ್ರಷ್ ಬದಲಿಸಬೇಕು. ಬಿಚ್ಚುವಾಗ ಅಯಸ್ಕಾಂತ ಆರ್ಮೆಚರನ್ನು ಎಳೆದು ಬೆರಳು ಜಜ್ಜೀತು.

ಕಟ್ಟೆಯ ಪೂರ್ಣ ಮಟ್ಟ 124.80 ಅಡಿ, ಬೇಸಿಗೆಯಲ್ಲಿ 90ಕ್ಕೂ ಕೆಳಗಿಳಿದ ವರ್ಷಗಳಿವೆ. ನೀರು ಇಳಿದಂತೆ ಮುಳುಗಿದ್ದ ಮರದ ಬೊಡ್ಡೆ, ಬಂಡೆಗಳು ಪ್ರೊಪೆಲರಿನ ಆಳಕ್ಕೆ ಬರುತ್ತವೆ. ಮೋಟಾರ್ ಸದ್ದು ಮಾಡುತ್ತಿದ್ದರೂ ದೋಣಿ ಕದಲದಿದ್ದರೆ ಪ್ರೊಪೆಲರಿನ ಪಿನ್ ಮುರಿದಿದೆ. ಮೋಟಾರಿನ ಜತೆ ಬರುವ ಅಳತೆಯದೇ ಎರಡು ಪಿನ್, ಒಂದು ನಟ್ಟು, ಸ್ಪ್ಯಾನರ್ ದೋಣಿಯಲ್ಲಿರಲಿ. ಪಿನ್ನಿನ ಬದಲು ಮೊಳೆ ಹಾಕಿದರೆ ಮುಂದಿನ ಏಟಿಗೆ ಶಾಫ್ಟಿನ ತೂತೇ ಅಗಲವಾಗುತ್ತದೆ.

ಕಾಯಿಲ್ ಮೋಟಾರಿನಲ್ಲಿ ಐದನೇ ವೇಗ ಮಾತ್ರ ಓಡಿ ಉಳಿದವು ಸತ್ತಿದ್ದರೆ ಕಾಯಿಲ್ ಸುಟ್ಟಿದೆ, ಇಲ್ಲವೇ ಸ್ವಿಚ್ಚು. ಪಿಡಬ್ಲ್ಯುಎಂ ಮೋಟಾರ್ ಯಾವ ವೇಗ ಕೊಟ್ಟರೂ ಪೂರ್ತಿಯಾಗೇ ಓಡಿದರೆ ಬೋರ್ಡಿನಲ್ಲಿ ಕರೆಂಟು ಕಡಿಯುವ ಎಲೆಕ್ಟ್ರಾನಿಕ್ ಸ್ವಿಚ್ಚು (ಮಾಸ್‌ಫೆಟ್) ಶಾರ್ಟ್ ಆಗಿದೆ. ಇದ್ದಕ್ಕಿದ್ದಂತೆ ಎಲ್ಲ ನಿಂತು, ಬ್ಯಾಟರಿಯ ತುದಿಯಲ್ಲೂ ವೋಲ್ಟೇಜ್ ಇಲ್ಲದಿದ್ದರೆ ಬಿಎಂಎಸ್ ಕಟ್ ಮಾಡಿದೆ: ಕರೆಂಟು ಹೆಚ್ಚಾಗಿ ನಿಂತಿದ್ದರೆ ಭಾರ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಸಾಮಾನ್ಯವಾಗಿ ಮರಳುತ್ತದೆ, ಖಾಲಿಯಾಗಿ ನಿಂತಿದ್ದರೆ ಚಾರ್ಜರ್ ಸಿಕ್ಕಿಸಿದಾಗಲೇ. ಎರಡನೆಯದಾದರೆ ದಡಕ್ಕೆ ಬರಲು ಹುಟ್ಟು ಒಂದೇ ದಾರಿ, ಅದನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಬ್ಯಾಟರಿಯಲ್ಲಿ 12.8 ಇದ್ದು ಕನೆಕ್ಟರಿನಲ್ಲಿ ಸೊನ್ನೆ ಇದ್ದರೆ ಫ್ಯೂಸು ಹೋಗಿದೆ. ಹೊಸದು ಹಾಕುವ ಮುಂಚೆ ಗ್ರೊಮೆಟ್ ಇರುವ ತೂತುಗಳಲ್ಲೆಲ್ಲ ಹೊದಿಕೆ ಸವೆದಿದೆಯೇ ನೋಡಿ.